ಆಕರಕೋಶವೂ ಜನರ ಬೊಕ್ಕಸವೂ

ಮಾಗಡಿ ತಾಲ್ಲೂಕಿನ ಕೆಂಪಾಪುರವು ಬಹುಕಾಲ ಹೊರಗಿನವರಿಗೆ ಅಷ್ಟಾಗಿ ತಿಳಿದ ಊರಾಗಿರಲಿಲ್ಲ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಸಮಾಧಿಯೆಂದು ಗುರುತಿಸಲಾದ ಕಲ್ಲಿನ ಕಟ್ಟಡವೊಂದು 2015ರಲ್ಲಿ ಅಲ್ಲಿ ಬೆಳಕಿಗೆ ಬಂದ ಮೇಲೆ ಆ ಊರಿನ ಹೆಸರು ನಾಡಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಈ ಸೀಮೆಯಲ್ಲಿ ಬಹುವರ್ಷ ಪಾಠ ಹೇಳಿ ಈಗ ವಿಶ್ರಾಂತನಾಗಿರುವ ನನ್ನ ಬಳಿಗೆ ಕಳೆದ ಮಳೆಗಾಲದಲ್ಲಿ, ಒಂದೇ ವಾರದೊಳಗೆ, ಇಬ್ಬರು ಎರಡು ಪ್ರಶ್ನೆಗಳನ್ನು ಹೊತ್ತು ತಂದರು. ಅವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ನನಗೆ ಹೊಳೆದದ್ದು ಅನಂತರ.

ಮೊದಲು ಬಂದವನು ಒಬ್ಬ ರೈತ. ಅವನ ತಮ್ಮನು ಕಾಯಿ ಕೀಳುವುದಕ್ಕೆ ತೆಂಗಿನ ಮರವನ್ನು ಹತ್ತಿ, ಕಾಲು ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದನು. ಸೊಂಟದಿಂದ ಕೆಳಕ್ಕೆ ಸ್ಪರ್ಶವಿಲ್ಲ. ಯಾವುದೋ ಖಾಸಗಿ ಚಿಕಿತ್ಸಾಲಯದವರು 'ಸ್ಟೆಮ್ ಸೆಲ್' ಚುಚ್ಚಿದರೆ ಕಾಲು ಬರುತ್ತದೆಂದು ಹೇಳಿ ಹಲವು ಲಕ್ಷ ರೂಪಾಯಿಗಳನ್ನು ಕೇಳಿದ್ದರಂತೆ. "ಮೇಷ್ಟ್ರೇ, ಹೊಲ ಮಾರೋಕೂ ತಯಾರಿದ್ದೀನಿ. ಹಾಕಿಸಿದ್ರೆ ತಮ್ಮ ಎದ್ದು ನಿಲ್ತಾನಾ? ಅಷ್ಟು ಹೇಳಿ" ಎಂದನು.

ಎರಡನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿರುವವಳು. "ಸಾರ್, ಮನುಷ್ಯರ ಭ್ರೂಣವನ್ನು ಒಡೆದು ಆಕರಕೋಶ ತೆಗೆಯುತ್ತಾರೆ. ಆ ಕೆಲಸಕ್ಕೆ ನಮ್ಮ ತೆರಿಗೆಯ ಹಣವನ್ನು ಕೊಡುವುದು ಧರ್ಮವೇ?" ಎಂದು ಕೇಳಿದಳು.

ರೈತನಿಗೆ ನಾನು ಕೂಡಲೇ ಉತ್ತರ ಹೇಳಿದೆನು. ಅದನ್ನು ಮುಂದೆ ತಿಳಿಸುವೆನು. ವಿದ್ಯಾರ್ಥಿನಿಗೆ ಒಂದು ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಈ ಲೇಖನವು ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ನಮ್ಮ ಸೀಮೆಯವರಿಗೆ ರೇಷ್ಮೆಹುಳುವಿನ ಉದಾಹರಣೆ ಹತ್ತಿರವಾದದ್ದು. ಹಣ್ಣಾದ ಹುಳುವು ಚಂದ್ರಿಕೆಯ ಮೇಲೆ ಗೂಡು ಕಟ್ಟಿ ಒಳಗೆ ಕೋಶಾವಸ್ಥೆಗೆ ಸೇರುತ್ತದೆ. ಅಲ್ಲಿ ಅದರ ಹಳೆಯ ಅಂಗಗಳಲ್ಲಿ ಅನೇಕವು ಕರಗಿಹೋಗಿ, ಮೊದಲಿನಿಂದಲೂ ಮೈಯಲ್ಲಿ ಅಡಗಿ ಕುಳಿತಿದ್ದ ಕೆಲವು ಜೀವಕೋಶಗಳ ಗುಂಪುಗಳು ಎಚ್ಚೆತ್ತು ಪತಂಗದ ರೆಕ್ಕೆ, ಕಾಲು, ಮೀಸೆಗಳನ್ನು ಕಟ್ಟುತ್ತವೆ. ಮುಂದೆ ಬೇಕಾಗುವ ಅಂಗಕ್ಕಾಗಿ ಕಾದಿಟ್ಟ ಮೂಲದ್ರವ್ಯ ಅದು. ಆದರೆ ಹುಳುವಿನ ಆ ಗುಂಪುಗಳಿಗೆ ಒಂದೊಂದಕ್ಕೂ ಒಂದೊಂದು ನಿಯತವಾದ ಕೆಲಸ ಉಂಟು. ಮನುಷ್ಯಭ್ರೂಣದ ಮೊದಲ ದಿನಗಳ ಜೀವಕೋಶಗಳಿಗೆ ಅಂಥ ಕಟ್ಟುಪಾಡು ಇನ್ನೂ ಬಿದ್ದಿರುವುದಿಲ್ಲ. ಅವು ನರವೂ ಆಗಬಲ್ಲವು, ರಕ್ತವೂ ಆಗಬಲ್ಲವು, ಮೂಳೆಯೂ ಆಗಬಲ್ಲವು. ಇವನ್ನೇ ಭ್ರೂಣದ ಆಕರಕೋಶಗಳೆಂದೂ ಕಾಂಡಕೋಶಗಳೆಂದೂ ಕರೆಯುವರು.

ಗರ್ಭಧಾರಣೆಯಾಗಿ 5 ದಿನಗಳಾಗುವಾಗ ಭ್ರೂಣವು ನೂರಿನ್ನೂರು ಜೀವಕೋಶಗಳ ಪೊಳ್ಳು ಗುಂಡು. ಸಾಸಿವೆಕಾಳಿಗಿಂತ ಎಷ್ಟೋ ಚಿಕ್ಕದು. ಅದರೊಳಗಿನ ಒಂದು ಪುಟ್ಟ ಗುಂಪಿನಿಂದ ಮುಂದಿನ ಶರೀರವೆಲ್ಲ ಬೆಳೆಯಬೇಕು. 1981ರಲ್ಲಿ ಇಲಿಯ ಭ್ರೂಣದಿಂದ ಈ ಒಳಗುಂಪನ್ನು ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸುವುದು ಸಾಧ್ಯವಾಯಿತು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು ಮನುಷ್ಯಭ್ರೂಣದಿಂದಲೂ ಇದನ್ನು ಸಾಧಿಸಿದರು. ಸರಿಯಾಗಿ ಪೋಷಿಸಿದರೆ ಈ ಜೀವಕೋಶಗಳು ತಮ್ಮ ಗುಣವನ್ನು ಬಿಡದೆ ವರ್ಷಾನುಗಟ್ಟಲೆ ಇಮ್ಮಡಿಯಾಗುತ್ತ ಹೋಗುವುವು. ಅಂಥ ಒಂದು ಸಂತತಿಗೆ 'ಕೋಶವಂಶ'ವೆಂದು ಹೇಳೋಣ. ಒಳಗುಂಪನ್ನು ತೆಗೆದ ಮೇಲೆ ಆ ಭ್ರೂಣವು ಮುಂದೆ ಬೆಳೆಯಲಾರದು. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಆ ಭ್ರೂಣಗಳು ಎಲ್ಲಿಂದ ಬರುತ್ತವೆ? ಮಕ್ಕಳಿಲ್ಲದ ದಂಪತಿಗಳಿಗಾಗಿ ವೈದ್ಯರು ಪ್ರನಾಳದಲ್ಲಿ ಅಂಡವನ್ನೂ ವೀರ್ಯಾಣುವನ್ನೂ ಕೂಡಿಸುವಾಗ ಹಲವು ಭ್ರೂಣಗಳು ಉಂಟಾಗುತ್ತವೆ. ಅವುಗಳಲ್ಲಿ ಒಂದೋ ಎರಡೋ ಗರ್ಭಾಶಯವನ್ನು ಸೇರುತ್ತವೆ. ಕೆಲವನ್ನು ಶೈತ್ಯದಲ್ಲಿ ಕಾಪಿಡುವರು. ಬೆಳವಣಿಗೆ ಸರಿಯಿಲ್ಲದವನ್ನು ವಿಸರ್ಜಿಸುವರು. ನಮ್ಮ ದೇಶದಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ಕಾಯಿದೆಯ ಪ್ರಕಾರ ಭ್ರೂಣಗಳನ್ನು 10 ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ತೀರಿದ ಮೇಲೆ ಅವು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ಸಂಶೋಧನೆಗೆ ದಾನವಾಗಬೇಕು.

ಈ ಸಂಗತಿ ಎಲ್ಲಿಯೋ ದೂರದೇಶದ್ದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಕೆಂಪೇಗೌಡರ ಹೆಸರಿನ ಗಡಿಗೋಪುರಗಳಲ್ಲೊಂದು ನಿಂತಿದೆ. ಅದನ್ನು ದಾಟಿ ಹೆಬ್ಬಾಳದ ಆಚೆಗೆ ಹೋದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ, ಅದರ ನೆರೆಯಲ್ಲಿ 2009ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಸ್ಥಾಪಿಸಿದ 'ಇನ್‌ಸ್ಟೆಮ್' ಎಂಬ ಆಕರಕೋಶ ಸಂಸ್ಥೆಯೂ, ಇನ್ನೂ ಮುಂದೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಸಿಕ್ಕುತ್ತವೆ. ಇವೆಲ್ಲವೂ ಜನರ ಬೊಕ್ಕಸದಿಂದ ನಡೆಯತಕ್ಕ ಸಂಸ್ಥೆಗಳು. ಜಕ್ಕೂರಿನ ಕೇಂದ್ರದಲ್ಲಿ ಡಾ. ಮನೀಷಾ ಇನಾಂದಾರ್ ಮತ್ತು ಸಹೋದ್ಯೋಗಿಗಳು ಎರಡು ಮನುಷ್ಯ ಕೋಶವಂಶಗಳನ್ನು ಬೆಳೆಸಿ 2009ರಲ್ಲಿ ಆ ವಿವರವನ್ನು ಪ್ರಕಟಿಸಿದರು. ಅವುಗಳ ಹೆಸರು ಬಿಜೆಎನ್‌ಹೆಮ್ 19 ಮತ್ತು ಬಿಜೆಎನ್‌ಹೆಮ್ 20. ಅವೆರಡೂ ಒಡಹುಟ್ಟಿದವು. ಮುಖ್ಯವಾದ ಮಾತೆಂದರೆ, ಅವುಗಳ ಮೂಲವಾದ ಭ್ರೂಣಗಳು ಮೂರನೆಯ ದರ್ಜೆಯವೆಂದು ವೈದ್ಯರು ತ್ಯಜಿಸಿದಂಥವು. ತಾಯಿಯ ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬಿಟ್ಟವುಗಳಿಂದಲೇ ಸಂಶೋಧಕರು ಬಾಳುವ ವಂಶಗಳನ್ನು ಪಡೆದರು. ಅವನ್ನು ಬ್ರಿಟನ್ನಿನ ಆಕರಕೋಶ ಭಂಡಾರದಲ್ಲಿಯೂ ಇರಿಸಿ ಇತರ ವಿಜ್ಞಾನಿಗಳಿಗೆ ದೊರೆಯುವಂತೆ ಮಾಡಿದರು.

ಈಗ ಆಕ್ಷೇಪಣೆಯನ್ನು ಕೇಳೋಣ. ಅದನ್ನು ಹಗುರಾಗಿ ತಳ್ಳಿಹಾಕುವುದು ವಿಜ್ಞಾನವಲ್ಲ, ದುಡುಕು. ಜೀವವು ಗರ್ಭಧಾರಣೆಯ ಕ್ಷಣದಲ್ಲಿಯೇ ಆರಂಭವಾಗುವುದೆಂದು ನಂಬುವ ಕ್ರೈಸ್ತರು ನಮ್ಮಲ್ಲಿ ಇದ್ದಾರೆ. ಸೂಕ್ಷ್ಮಜೀವಿಗೂ ನೋವಾಗಬಾರದೆಂಬ ಜೈನರ ಅಹಿಂಸೆ ಕನ್ನಡ ನಾಡಿನಲ್ಲಿ ಬೇರೂರಿ ಸಾವಿರ ವರ್ಷಗಳು ಮೀರಿವೆ. ಭ್ರೂಣಕ್ಕೆ ಆತ್ಮವು ಬರುವುದು ನಾಲ್ಕು ತಿಂಗಳು ತುಂಬಿದ ಮೇಲೆ ಎಂದು ಹೇಳುವ ಮುಸ್ಲಿಂ ವಿದ್ವಾಂಸರು ಅನೇಕರು. ಚರಕಸಂಹಿತೆಯು ಶುಕ್ರ, ಶೋಣಿತ, ಜೀವ ಎಂಬ ಮೂರೂ ಕುಕ್ಷಿಯಲ್ಲಿ ಕೂಡಿದಾಗ ಅದಕ್ಕೆ 'ಗರ್ಭ'ವೆಂಬ ಹೆಸರು ಸಲ್ಲುವುದೆಂದು ಹೇಳುತ್ತದೆ. ಕೂಡುವಿಕೆಯೇ ಮುಖ್ಯವೆನ್ನುವವರೂ, ತಾಯಿಯ ಕುಕ್ಷಿಯೇ ಮುಖ್ಯವೆನ್ನುವವರೂ ಅದೇ ವಾಕ್ಯದಿಂದ ಬಲ ಪಡೆಯಬಹುದು. ಹೀಗೆ ಒಂದೇ ಊರಿನ ನಾಲ್ಕು ಮನೆಗಳಲ್ಲಿ ನಾಲ್ಕು ಉತ್ತರಗಳು ಇರುವಾಗ, ಎಲ್ಲರಿಂದ ಎತ್ತಿದ ತೆರಿಗೆಯನ್ನು ಒಬ್ಬರ ಮನಸ್ಸಾಕ್ಷಿಗೆ ವಿರುದ್ಧವಾದ ಕಾರ್ಯಕ್ಕೆ ಕೊಡುವುದು ನ್ಯಾಯವೇ? ಕೊಡಬೇಡಿ, ಮಾಡುವವರು ತಮ್ಮ ಹಣದಿಂದ ಮಾಡಿಕೊಳ್ಳಲಿ, ಎಂಬುದು ಆಕ್ಷೇಪಣೆಯ ಸಾರ.

ಈ ಸಲಹೆಯನ್ನು ಒಂದು ದೊಡ್ಡ ದೇಶವು ಪ್ರಯೋಗಿಸಿ ನೋಡಿದೆ. 2001ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ಬುಷ್ ಅವರು, ಅಂದಿನವರೆಗೆ ಇದ್ದ ಕೋಶವಂಶಗಳ ಮೇಲಿನ ಸಂಶೋಧನೆಗೆ ಮಾತ್ರ ಕೇಂದ್ರದ ಹಣ ಸಲ್ಲುವುದೆಂದು ಸಾರಿದರು. ಆಗ ಪ್ರಪಂಚದಲ್ಲಿ ಲಭ್ಯವೆಂದು ಪಟ್ಟಿಮಾಡಿದ ಅರವತ್ತಕ್ಕೂ ಮೀರಿದ ವಂಶಗಳಲ್ಲಿ ಮೂರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು, ಏಳು ಮುಂಬಯಿಯ ರಿಲಯನ್ಸ್ ಸಂಸ್ಥೆಯವು. ಆ ಆಜ್ಞೆಯಿಂದ ಭ್ರೂಣಗಳು ಉಳಿದವೆ? ಇಲ್ಲ. ಖಾಸಗಿ ಹಣದಿಂದ ಹೊಸ ವಂಶಗಳು ಹುಟ್ಟುತ್ತಲೇ ಹೋದವು; ಹಾರ್ವರ್ಡ್ ವಿಶ್ವವಿದ್ಯಾನಿಲಯವೊಂದರಲ್ಲಿಯೇ 2004ರ ವೇಳೆಗೆ 17 ವಂಶಗಳು ಸಿದ್ಧವಾದವು. ವಿಜ್ಞಾನಿಗಳು ಕೇಂದ್ರದ ಹಣದ ಉಪಕರಣವನ್ನು ಮುಟ್ಟದಂತೆ ಬೇರೆ ಕೊಠಡಿ, ಬೇರೆ ಸೂಕ್ಷ್ಮದರ್ಶಕಗಳನ್ನು ಇಟ್ಟುಕೊಳ್ಳಬೇಕಾಯಿತು. 2009ರ ಮಾರ್ಚಿಯಲ್ಲಿ ಅಧ್ಯಕ್ಷ ಒಬಾಮ ಅವರು ಆ ನಿರ್ಬಂಧವನ್ನು ತೆಗೆದುಹಾಕಿದರು. ಇದರಿಂದ ಕಲಿಯತಕ್ಕದ್ದು ಇಷ್ಟು: ಬೊಕ್ಕಸದ ಬಾಗಿಲನ್ನು ಮುಚ್ಚಿದರೆ ಕೆಲಸ ನಿಲ್ಲುವುದಿಲ್ಲ, ಅದು ಜನರ ಕಣ್ಣಿಗೆ ಬೀಳದ ಕೊಠಡಿಗೆ ಸಾಗುತ್ತದೆ.

ಖಾಸಗಿ ಹಣಕ್ಕೆ ಇನ್ನೊಂದು ಗುಣವೂ ಉಂಟು. ಲಾಭ ದೂರವೆಂದು ಕಂಡರೆ ಅದು ಎದ್ದುಹೋಗುತ್ತದೆ. ಬೆನ್ನುಹುರಿ ಮುರಿದವರ ಮೇಲೆ ಭ್ರೂಣದ ಆಕರಕೋಶಗಳ ಮೊತ್ತಮೊದಲ ವಿಧಿಬದ್ಧ ಪರೀಕ್ಷೆಯನ್ನು 2010ರಲ್ಲಿ ಆರಂಭಿಸಿದ್ದು ಅಮೆರಿಕದ ಜೆರಾನ್ ಕಂಪನಿ. ಕೆಲವೇ ರೋಗಿಗಳಿಗೆ ಕೊಟ್ಟು, 2011ರ ನವೆಂಬರಿನಲ್ಲಿ ಅದನ್ನು ನಿಲ್ಲಿಸಿತು. ಕಾರಣ ರೋಗಿಗಳಿಗೆ ಹಾನಿಯಾದದ್ದಲ್ಲ, ಹಣಕಾಸಿನ ಲೆಕ್ಕಾಚಾರ. ಆ ಕೆಲಸವನ್ನು ಮತ್ತೊಂದು ಕಂಪನಿಯು ಕೈಗೆತ್ತಿಕೊಂಡಾಗ 2014ರಲ್ಲಿ ನೆರವು ನೀಡಿದ್ದು ಕ್ಯಾಲಿಫೋರ್ನಿಯದ ಸಾರ್ವಜನಿಕ ನಿಧಿ. 2004ರಲ್ಲಿ ಆ ರಾಜ್ಯದ ಮತದಾರರೇ ಮತ ಹಾಕಿ 300 ಕೋಟಿ ಡಾಲರುಗಳನ್ನು ಇದಕ್ಕಾಗಿ ಒದಗಿಸಿದ್ದರು. ತೆರಿಗೆ ಕೊಡುವವರನ್ನು ಕೇಳಿಯೇ ಹಣ ತೊಡಗಿಸಿದ ಉದಾಹರಣೆ ಇದು.

ಹಾಗಾದರೆ ಸರ್ಕಾರದ ಹಣವೊಂದಿದ್ದರೆ ಎಲ್ಲವೂ ನೆಟ್ಟಗಾಗುವುದೆ? ಆಗಲಾರದು. ದಕ್ಷಿಣ ಕೊರಿಯದ ಹ್ವಾಂಗ್ ವೂ-ಸುಕ್ ಎಂಬ ವಿಜ್ಞಾನಿಗೆ ಅಲ್ಲಿನ ಸರ್ಕಾರವು ಧಾರಾಳವಾಗಿ ಹಣ ಕೊಟ್ಟಿತು, ದೇಶವು ಆತನನ್ನು ತಲೆಯ ಮೇಲೆ ಹೊತ್ತಿತು. ತದ್ರೂಪಿ ಭ್ರೂಣದಿಂದ ಆಕರಕೋಶ ಪಡೆದೆನೆಂದು ಆತನು 2004 ಮತ್ತು 2005ರಲ್ಲಿ ಪ್ರಕಟಿಸಿದ ಲೇಖನಗಳು ಕಪೋಲಕಲ್ಪಿತವೆಂದು ಹೊರಬಿದ್ದು 2006ರಲ್ಲಿ ಹಿಂತೆಗೆಯಲ್ಪಟ್ಟವು. ಅಂಡಗಳಿಗಾಗಿ ಹೆಂಗಸರಿಗೆ ಹಣ ಕೊಟ್ಟದ್ದೂ, ತನ್ನ ಕೈಕೆಳಗಿನ ಸಂಶೋಧಕಿಯರಿಂದಲೇ ಅಂಡಗಳನ್ನು ಪಡೆದದ್ದೂ ಬಯಲಾಯಿತು. ಅಲ್ಲಿ ಜನರ ಹಣವಿತ್ತು, ಜನರ ಕಣ್ಣು ಇರಲಿಲ್ಲ. ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ಹೇಳುತ್ತೇನೆ: ಈ ಸಂಶೋಧನೆಗೆ ಬೊಕ್ಕಸದಿಂದ ಹಣ ಕೊಡತಕ್ಕದ್ದು, ಏಕೆಂದರೆ ಹಣ ಕೊಟ್ಟವನಿಗೆ ಮಾತ್ರ ಲೆಕ್ಕ ಕೇಳುವ ಹಕ್ಕು ಗಟ್ಟಿಯಾಗಿ ಇರುತ್ತದೆ. ಆದರೆ ಆ ಹಕ್ಕನ್ನು ಚಲಾಯಿಸದೆ ಹಣ ಮಾತ್ರ ಕೊಡುವುದಾದರೆ, ಕೊಡದಿರುವುದೇ ಲೇಸು.

ಲೆಕ್ಕ ಕೇಳುವುದಕ್ಕೆ ನಮ್ಮಲ್ಲಿ ಆಧಾರಗಳು ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ 2007ರಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿದವು. 2013ರಲ್ಲಿಯೂ 2017ರಲ್ಲಿಯೂ ಅವು ಪರಿಷ್ಕೃತವಾದವು. ಮಿಕ್ಕ ಭ್ರೂಣಗಳನ್ನು ದಾನಿಗಳ ತಿಳಿದ ಒಪ್ಪಿಗೆಯಿಂದ ಮಾತ್ರ ಬಳಸಬೇಕು. ಭ್ರೂಣವನ್ನು ಪಾತ್ರೆಯಲ್ಲಿ 14 ದಿನಗಳಾಚೆಗೆ ಬೆಳೆಸಬಾರದು. ತದ್ರೂಪಿ ಮಗುವನ್ನು ಹುಟ್ಟಿಸುವ ಪ್ರಯತ್ನ ಸಂಪೂರ್ಣ ನಿಷಿದ್ಧ. ಎಂಬಿವು ಅವುಗಳಲ್ಲಿ ಮುಖ್ಯವಾದವು. 14 ದಿನಗಳೆಂಬ ಎಲ್ಲೆಯನ್ನು ಬ್ರಿಟನ್ನಿನ ವಾರ್ನಕ್ ಸಮಿತಿಯು 1984ರಲ್ಲಿ ಪ್ರಸಿದ್ಧಿಗೆ ತಂದಿತು. ಅದು ಬರಿಯ ಅಂದಾಜಿನ ಸಂಖ್ಯೆಯಲ್ಲ. ಸುಮಾರು ಆ ವೇಳೆಗೆ ಭ್ರೂಣದಲ್ಲಿ ಮುಂದಿನ ಬೆನ್ನಿನ ದಿಕ್ಕನ್ನು ಸೂಚಿಸುವ ಆದಿರೇಖೆ ಮೂಡುತ್ತದೆ. ಅದಕ್ಕೆ ಮೊದಲು ಒಂದು ಭ್ರೂಣವು ಎರಡಾಗಿ ಒಡೆದು ಅವಳಿಯಾಗುವುದು ಸಾಧ್ಯ, ನರಗಳ ಸುಳಿವಂತೂ ಇಲ್ಲವೇ ಇಲ್ಲ. ನೋವನ್ನು ಅರಿಯುವ ಯಾವ ಅಂಗವೂ ಅಲ್ಲಿಲ್ಲವೆಂಬುದು ನಿಶ್ಚಯ. ಇದರಿಂದ ಭ್ರೂಣಕ್ಕೆ ಬೆಲೆಯಿಲ್ಲವೆಂದು ಸಿದ್ಧವಾಗದು. ಅದು ಮಗುವಲ್ಲ, ನಿಜ. ಆದರೆ ಮಾರುಕಟ್ಟೆಯ ಸರಕೂ ಅಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನೊಳಗೆ ಜೀವವಿದೆಯೆಂದು ಬಲ್ಲ ನಮ್ಮ ರೈತನು ನೂಲಿಗಾಗಿ ಅದನ್ನು ಮಾರುತ್ತಾನೆ. ಮನುಷ್ಯಭ್ರೂಣದ ವಿಷಯದಲ್ಲಿ ಅಂಥ ತೂಕವೂ ಹರಾಜೂ ಎಂದಿಗೂ ಬರಕೂಡದು.

ಇನ್ನು ಕೆಲವರ ಪ್ರಶ್ನೆ ಹೀಗಿದೆ: ಚರ್ಮದ ಕೋಶವನ್ನೇ ಆಕರಕೋಶವಾಗಿ ತಿರುಗಿಸಬಹುದೆಂದು ಜಪಾನಿನ ಶಿನ್ಯ ಯಮನಕ ಅವರು 2006ರಲ್ಲಿ ಇಲಿಯಲ್ಲಿಯೂ 2007ರಲ್ಲಿ ಮನುಷ್ಯನಲ್ಲಿಯೂ ತೋರಿಸಿ 2012ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರಲ್ಲ, ಇನ್ನು ಭ್ರೂಣವೇಕೆ? ಈ ಪ್ರಶ್ನೆಗೆ ತೂಕವಿದೆ. ಎರಡು ದಾರಿಗಳಿರುವಾಗ ಮನಸ್ಸನ್ನು ನೋಯಿಸದ ದಾರಿಗೆ ಹೆಚ್ಚಿನ ಹಣ ಸಲ್ಲಬೇಕಾದದ್ದು ಸರಿಯೇ. ಆದರೆ ಯಮನಕರಿಗೆ ಆ ಉಪಾಯ ಹೊಳೆದದ್ದು ಭ್ರೂಣದ ಆಕರಕೋಶಗಳಲ್ಲಿ ಯಾವ ಜೀನುಗಳು ಕೆಲಸ ಮಾಡುತ್ತವೆಂಬ ಜ್ಞಾನದಿಂದ. ಹೊಸ ಕೋಶವು ನಿಜವಾಗಿ ಆಕರಕೋಶವೇ ಎಂದು ಒರೆಹಚ್ಚಿ ನೋಡಲು ಭ್ರೂಣದ ಕೋಶವೇ ಒರೆಗಲ್ಲು. ಅಲ್ಲದೆ ಫಲವೂ ಕಾಣತೊಡಗಿದೆ. 2025ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಭ್ರೂಣದ ಆಕರಕೋಶಗಳಿಂದ ಬೆಳೆಸಿದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿ ಮಧುಮೇಹಿಗಳ ಪೈಕಿ 10 ಮಂದಿಗೆ ಒಂದು ವರ್ಷದ ಅನಂತರ ಇನ್ಸುಲಿನ್ ಚುಚ್ಚುಮದ್ದು ಬೇಕಾಗಿರಲಿಲ್ಲ. ಅವರು ದೇಹದ ಪ್ರತಿರೋಧವನ್ನು ತಗ್ಗಿಸುವ ಮದ್ದನ್ನು ಸೇವಿಸುತ್ತಲೇ ಇರಬೇಕು. ಆ ಮದ್ದಿಗೆ ಅದರದೇ ಆದ ಅಪಾಯಗಳುಂಟು. ಇದು ಪವಾಡವಲ್ಲ. ಆದರೂ ಬಾಲ್ಯದಿಂದ ದಿನಕ್ಕೆ ನಾಲ್ಕು ಬಾರಿ ಸೂಜಿ ಚುಚ್ಚಿಕೊಳ್ಳುವ ಮಗುವಿನ ತಾಯಿಗೆ ಇದು ಸಣ್ಣ ಸುದ್ದಿಯಲ್ಲ.

ಈಗ ರೈತನ ಪ್ರಶ್ನೆಗೆ ಬರುತ್ತೇನೆ. "ಹೊಲ ಮಾರಬೇಡಪ್ಪ" ಎಂದು ನಾನು ಅವನಿಗೆ ಹೇಳಿದೆನು. ರಕ್ತದ ಕೆಲವು ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಆಕರಕೋಶಗಳ ಕಸಿಯಂಥ ಸಿದ್ಧಚಿಕಿತ್ಸೆಗಳು ಉಂಟು. ಆದರೆ ಅವನ್ನು ಬಿಟ್ಟು ಬೇರೆ ರೋಗಗಳಿಗೆ, ಅನುಮತಿ ಪಡೆದ ಪರೀಕ್ಷೆಯ ಹೊರಗೆ, ಆಕರಕೋಶಗಳನ್ನು ಚಿಕಿತ್ಸೆಯೆಂದು ಕೊಡುವುದು ಅನೈತಿಕವೆಂದೂ ವೈದ್ಯವೃತ್ತಿಗೆ ವಿರುದ್ಧವೆಂದೂ 2017ರ ಸೂತ್ರಗಳು ಸ್ಪಷ್ಟವಾಗಿ ಹೇಳುತ್ತವೆ. ವಿಧಿಬದ್ಧವಾದ ಪರೀಕ್ಷೆಯಲ್ಲಿ ಹೊಸ ಮದ್ದಿಗಾಗಿ ರೋಗಿಯಿಂದ ಹಣ ಕೇಳುವುದಿಲ್ಲ. ಹಣ ಕೇಳಿದ ಕಡೆ ಎಚ್ಚರವಿರಬೇಕು. ಅವನು ಸುಮ್ಮನೆ ಕೇಳಿ, "ಹಂಗಾದ್ರೆ ನಮ್ಮಂಥೋರಿಗೆ ಯಾವಾಗ ಬರುತ್ತೆ ಮೇಷ್ಟ್ರೇ?" ಎಂದನು. ಆ ಮಾತು ನನ್ನನ್ನು ಕಾಡುತ್ತಲೇ ಇದೆ.

ಎರಡು ಪ್ರಶ್ನೆಗಳೂ ಕೂಡುವುದು ಇಲ್ಲಿ. ಪ್ರಾಮಾಣಿಕವಾದ ಸಾರ್ವಜನಿಕ ಸಂಶೋಧನೆ ಇಲ್ಲದ ಕಡೆ ಆಸೆಯನ್ನು ಮಾರುವವರು ಅಂಗಡಿ ತೆರೆಯುತ್ತಾರೆ. ಭ್ರೂಣದ ಗೌರವವನ್ನು ಕಾಯಲು ಯಾವ ಲೆಕ್ಕ ಬೇಕೋ ರೋಗಿಯ ಹೊಲವನ್ನು ಕಾಯಲೂ ಅದೇ ಲೆಕ್ಕ ಬೇಕು. ಆದುದರಿಂದ ಹಣ ಕೊಡುವಾಗ ನಾವು ಈ ಕೆಲವು ಷರತ್ತುಗಳನ್ನು ಕೇಳೋಣ. ಭ್ರೂಣವು ದಾನವಾಗಿಯೇ ಬರಬೇಕು, ಬೆಲೆಗೆ ಬರಬಾರದು. ಒಪ್ಪಿಗೆಯ ಪತ್ರವು ದಂಪತಿಗಳಿಗೆ ತಿಳಿಯುವ ಕನ್ನಡದಲ್ಲಿರಬೇಕು. ಚಿಕಿತ್ಸೆ ಮಾಡುವ ವೈದ್ಯರಲ್ಲದ ಬೇರೊಬ್ಬರು ಅದನ್ನು ಓದಿ ಹೇಳಬೇಕು. "ಇಲ್ಲ" ಎಂದವರ ಚಿಕಿತ್ಸೆಗೆ ಕುಂದುಂಟಾಗಬಾರದು. ಸಾರ್ವಜನಿಕರ ಹಣದಿಂದ ಹುಟ್ಟಿದ ಕೋಶವಂಶಗಳು ಎಲ್ಲ ಸಂಶೋಧಕರಿಗೂ ದೊರೆಯಬೇಕು. ಸೋತ ಪ್ರಯೋಗಗಳೂ ಪ್ರಕಟವಾಗಬೇಕು. ಮನಸ್ಸಾಕ್ಷಿ ಒಪ್ಪದ ವಿದ್ಯಾರ್ಥಿಯನ್ನು ಈ ಕೆಲಸಕ್ಕೆ ಒತ್ತಾಯಿಸಬಾರದು. ಕೊನೆಯದಾಗಿ, ಇದರಿಂದ ಮದ್ದು ದೊರೆತ ದಿನ ಅದು ಜಿಲ್ಲಾ ಆಸ್ಪತ್ರೆಗೂ ಬರುವಂಥ ಬೆಲೆಯ ಕರಾರು ಮೊದಲೇ ಆಗಿರಬೇಕು. ಸೂತ್ರಗಳು ಸೂತ್ರಗಳಾಗಿಯೇ ಉಳಿಯದೆ, ಹಣದ ಜೊತೆಗೆ ಕಟ್ಟಿದ ಕರಾರುಗಳಾದರೆ ಇವೆಲ್ಲ ಸಾಧ್ಯ.

ಕೆಂಪೇಗೌಡರ ವಿಷಯವಾಗಿ ಒಂದು ಐತಿಹ್ಯವನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಬೆಂಗಳೂರಿನ ಕೋಟೆಯ ಬಾಗಿಲು ಕಟ್ಟಿದಂತೆಲ್ಲ ಬೀಳುತ್ತಿತ್ತಂತೆ. ಬಸುರಿಯ ಬಲಿಯಾದರೆ ನಿಲ್ಲುವುದೆಂದು ಜನ ಹೇಳಿದಾಗ ಗೌಡರು ಒಪ್ಪಲಿಲ್ಲವಂತೆ. ತುಂಬುಬಸುರಿಯಾದ ಸೊಸೆ ಲಕ್ಷ್ಮೀದೇವಿಯು ಯಾರಿಗೂ ತಿಳಿಸದೆ ರಾತ್ರಿ ಹೋಗಿ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಅವಳ ಸ್ಮಾರಕ ಇಂದಿಗೂ ಇದೆ. ಊರಿನ ಹಿತಕ್ಕಾಗಿ ತೆತ್ತ ಬೆಲೆಯು ಊರಿಗೆ ತಿಳಿದದ್ದು ಬೆಳಗಾದ ಮೇಲೆ. ನಾವು ಕಟ್ಟುವ ವಿಜ್ಞಾನದ ಬಾಗಿಲಿಗೆ ಅಂಥ ರಾತ್ರಿಯ ಬೆಲೆ ಬೇಡ. ಏನನ್ನು ಬಳಸುತ್ತೇವೆ, ಯಾರ ಒಪ್ಪಿಗೆಯಿಂದ, ಯಾರ ಹಿತಕ್ಕಾಗಿ ಎಂಬುದೆಲ್ಲ ಹಾಡುಹಗಲಿನಲ್ಲಿ, ಎಲ್ಲರ ಮುಂದೆ ತೀರ್ಮಾನವಾಗಲಿ. ಅದರ ಖರ್ಚನ್ನು ಎಲ್ಲರೂ ಹೊರೋಣ. ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಇದನ್ನು ಅವಳು ಒಪ್ಪದಿರಬಹುದು. ಆಗ ಅವಳು ತನ್ನ ಕಾರಣಗಳನ್ನು ಬರೆಯಲಿ. ಲೆಕ್ಕ ಕೇಳುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.